ಮಾಳಿಗೆಯ ಮೇಲೆ ಚುಕ್ಕಿಗಳ ಹಾಜರಿ

ಮನೆಯ ಮಾಳಿಗೆಯ ಮೇಲೆ ಕೋಣವನ್ನು ಹತ್ತಿಸಿ ಕಟ್ಟಿ ಸಾಕಬಹುದು. ನಮ್ಮ ಮಾವನನ್ನು ಸಾಕುವುದು ಮಾತ್ರ ಆಗದ ಮಾತು! ಕೋಣ ಹಸಿದಾಗ ಒದರುತ್ತದೆ, ಮೇವು ಹಾಕಿದರೆ ಸುಮ್ಮನಾಗುತ್ತದೆ. ನಮ್ಮ ಮಾವ ಉಂಡ ಮೇಲೆಯೇ ಒದರಲು ಸುರು ಮಾಡುವವರು. ಅದೂ ಮನುಷ್ಯರನ್ನು ಕರೆದಲ್ಲ. ಆಕಾಶದ ಕಡೆ ಮೋರೆ ಮಾಡಿ, "ಶುಕ್ರ! ಗುರು! ಶನಿ!" ಎಂದು.

ಇವನು ಸಿಟ್ಟಿನಿಂದ ಬರೆಯುತ್ತಿದ್ದಾನೆ ಎಂದು ನೀವು ಅಂದುಕೊಂಡಿದ್ದರೆ ಖರೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ನಾನು ಕೌಜಲಗಿಯ ಬಡಿಗ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ನಾನು ಕೂಡಿಸಿದ ಗಾಲಿಯ ಚಕ್ಕಡಿ ಗೋಕಾವಿ ಸಂತೆಗೆ ಹೋಗಿ ಬಂದರೆ ಎತ್ತುಗಳಿಗೆ ತಾವು ಹೋಗಿದ್ದೇ ನೆನಪಿರುವುದಿಲ್ಲ! ಇದು ಬಡಾಯಿಯಲ್ಲ. ಬೇಕಾದರೆ ಎತ್ತುಗಳನ್ನೇ ಕೇಳಿರಿ.

ಮಾವ ಅಂದರೆ ಅವರು ನನಗೆ ಎರಡು ಕಡೆಯಿಂದ ಮಾವ. ನನ್ನ ತಾಯಿಯ ತಮ್ಮ. ನನ್ನ ಹೆಂಡತಿಯ ತಂದೆ. ಸೋದರಮಾವನ ಮಗಳನ್ನು ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಆ ರೂಢಿ ಹಾಕಿದ ಹಿರಿಯರು ಒಂದು ಸಂಗತಿ ಮರೆತರು. ಇಂಥವರನ್ನು ಬೈಯಬೇಕಾದರೆ ಯಾವ ಕಡೆಯಿಂದ ಬೈಯಬೇಕು? ತಾಯಿಯ ಕಡೆಯಿಂದ ಬೈದರೆ ಸತ್ತ ತಾಯಿ ಕನಸಿನಲ್ಲಿ ಬಂದು ಅಳುತ್ತಾಳೆ. ಹೆಂಡತಿಯ ಕಡೆಯಿಂದ ಬೈದರೆ ಮರುದಿನ ತಾಟಿನಲ್ಲಿ ಕರಕಾದ ರೊಟ್ಟಿ!

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಮನುಷ್ಯ ಸಾಲಿ ಮಾಸ್ತರರು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮೂರಲ್ಲೇ ಇದ್ದರು, ನನಗೇ ಕಲಿಸುತ್ತಿದ್ದರು. ಅಪ್ಪ ತೀರಿಕೊಂಡ ಹದಿನೈದನೆಯ ದಿನ ಪಾಠ ನಡುವೆ ನಿಲ್ಲಿಸಿ ನನ್ನ ಹತ್ತಿರ ಬಂದರು. ಕೈಯಲ್ಲಿದ್ದ ಪಾಟಿ ತೆಗೆದುಕೊಂಡರು. ಅಪ್ಪ ಕಟ್ಟಿಗೆ ಕೆತ್ತುತ್ತಿದ್ದ ಬಾಚಿಯನ್ನು ಕೊಟ್ಟರು. "ಹಸದ ಹೊಟ್ಟಿಗಿ ಪಾಠ ಹತ್ತೂದಿಲ್ಲೋ ಅಳಿಯಾ. ಹೋಗು" ಎಂದರು. ಅಷ್ಟೇ. ಮರುದಿನ ಚಂದ್ರನ ಪಾಠ ಎಂದು ಹೇಳಿದ್ದರು. ಊರ ಮಕ್ಕಳಿಗೆಲ್ಲ ಅಕ್ಷರ ಹಂಚಿದ ಕೈ ಸ್ವಂತ ಅಕ್ಕನ ಮಗನ ಪಾಟಿ ಕಸಿಯಿತು! ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು, ದುಡಿಯುವ ಕೈ ಬೇರೆ ಇರಲಿಲ್ಲ. ಅದು ನನಗೆ ತಿಳಿಯದ್ದೇನಲ್ಲ. ಆದರೆ ಆ ಮೇಲೆ ಒಂದು ದಿನವಾದರೂ ಅವರು ಆ ಮಾತು ಎತ್ತಬಾರದೆ? ಒಂದೇ ಒಂದು ಮಾತು! ಇಪ್ಪತ್ತೈದು ವರ್ಷ ನಾನು ಅದಕ್ಕಾಗಿ ಹಲ್ಲು ಕಚ್ಚಿ ಕಾದೆ. ಅವರು ಬಂದಾಗೆಲ್ಲ ಮಳೆ, ಬೆಳೆ, ಎಮ್ಮೆಯ ಆರೋಗ್ಯ ಕೇಳಿ ಹೋಗುತ್ತಿದ್ದರು.

ತುಕ್ಕಾನಟ್ಟಿ ಸಾಲಿಯಲ್ಲಿ ನಿವೃತ್ತರಾಗಿ, ಅತ್ತೆಯೂ ಇಲ್ಲದ್ದರಿಂದ, ಅವರು ನಮ್ಮ ಮನೆಗೆ ಬಂದರು. ಅದರ ಹಿಂದಿನ ವರ್ಷವೇ ರಶಿಯಾದವರು ಮನುಷ್ಯನನ್ನು ಆಕಾಶಕ್ಕೆ ಹಾರಿಸಿ ಇಳಿಸಿದ್ದರು. ಆ ಸುದ್ದಿ ಬಂದ ಪೇಪರನ್ನು ಮಾವ ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರು.

ಒಂದು ದಿನ ಓದಲು ಕಣ್ಣಿಗೆ ಚಾಳೀಸು ಮಾಡಿಸಿಕೊಂಡು ಬರುತ್ತೇನೆಂದು ಬೆಳಗಾವಿಗೆ ಹೋದವರು ಚಾಳೀಸಿಲ್ಲದೆ ಬಂದರು. ಚೀಲದಲ್ಲಿ ಸಣ್ಣ ಹಪ್ಪಳದಷ್ಟು ಅಗಲದ ಒಂದು ಗಾಜು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಇನ್ನೊಂದು ಗಾಜು.

"ಅಪ್ಪಾ, ಚಾಳೀಸ ಎಲ್ಲೈತಿ?" ಎಂದಳು ನನ್ನ ಹೆಂಡತಿ.

"ತಂದೇನಲ್ಲವ್ವಾ. ಆದ್ರ ಇದು ಹತ್ತರದ್ದ ಓದೂದಲ್ಲ, ದೂರದ್ದ ಓದೂದು."

ಗಾಜಿಗೆ ಕೊಳವೆ ಬೇಕಲ್ಲ? ಅದಕ್ಕೂ ಅವರ ಹತ್ತಿರ ಮದ್ದಿತ್ತು. ಮುಂಬಯಿ ಇಲಾಖೆಯ ದೊಡ್ಡ ನಕಾಶೆ! ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ನಕಾಶೆಯನ್ನು ಕೇಳುವವರಿರಲಿಲ್ಲ. ನಿವೃತ್ತಿಯ ದಿನ ಸಾಲಿಯವರು ಮಾವನಿಗೆ ಹಾರ ಹಾಕಿ, ಅದನ್ನೂ ಕಂಕುಳಿಗೆ ಕೊಟ್ಟು, ಇಬ್ಬರನ್ನೂ ಒಂದೇ ಸಲಕ್ಕೆ ರದ್ದು ಮಾಡಿ ಕಳಿಸಿದ್ದರು. ಮಾವ ಮನೆಯ ಗೋದಿ ಹಿಟ್ಟೆಲ್ಲ ಕುದಿಸಿ ಅಂಟು ಮಾಡಿ, ನಕಾಶೆಯನ್ನು ಸುತ್ತಿ, ತೊಡೆಗಾತ್ರದ ಕೊಳವೆ ಮಾಡಿ ಮಾಳಿಗೆಯ ಮೇಲೆ ಒಣಗಿಸಿದರು. ಬಾಜೂ ಮನೆಯ ದರ್ಜಿ ಚಾಚಾನ ಆಡು ಮಾಳಿಗೆಯಿಂದ ಮಾಳಿಗೆಗೆ ಜಿಗಿದು ಬಂದು ಅಂಟು ನೆಕ್ಕಿತು. ನೆಕ್ಕುತ್ತ ನೆಕ್ಕುತ್ತ ಒಂದು ಮೂಲೆ ತಿಂದೇಬಿಟ್ಟಿತು.

ನಾನು ಕುಣಿದಾಡಿದೆ: "ಹಬ್ಬಕ್ಕಂತ ಇಟ್ಟ ಗೋದಿ ಹಿಟ್ಟ ಆಡಿನ ಪಾಲಾತಲ್ರೀ!"

ಮಾವ ಕೊಳವೆ ತಿರುಗಿಸಿ ನೋಡಿ ಸಮಾಧಾನದಿಂದ ಹೇಳಿದರು: "ಹೋಗ್ಲಿ ಬಿಡೋ. ತಿಂದದ್ದು ಗುಜರಾತ. ಅದು ಹ್ಯಾಂಗೂ ಬ್ಯಾರೆ ಆಗೇತಿ."

ದುರ್ಬೀನು ತಯಾರಾಯಿತು. ಮೊದಲು ಹಗಲು ಹೊತ್ತಿನಲ್ಲಿ ದೂರದ ಗಿಡಕ್ಕೆ ಹಿಡಿದು ಕಣ್ಣು ಕೂಡಿಸಿಕೊಳ್ಳಬೇಕಂತೆ. ಮಾವ ಕೆರೆಯ ದಂಡೆಯ ಬೇವಿನ ಗಿಡಕ್ಕೆ ಹಿಡಿದರು. ಅಲ್ಲಿಂದ ಹೊರಳಿಸಿ, ಅದೇ ದಂಡೆಯಲ್ಲಿ ಗೌಡರ ತೊಲೆ ಕೆತ್ತುತ್ತಿದ್ದ ನನಗೇ ಹಿಡಿದರು. ಆ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಸಂಜೆ ನಾನು ಬಂದ ಕೂಡಲೇ ಓಣಿಯ ಮಂದಿಯ ಎದುರಿಗೆ ಸಾರಿದರು: "ನನ್ನ ಅಳಿಯಾ ಕಾಲ ಮ್ಯಾಲ ಮಾಡಿ, ತಲಿ ತೆಳಗ ಮಾಡಿ ಕೆತ್ತಿದ್ರೂ ಗೆರಿ ನೆಟ್ಟಗ ಹೋಗತೈತಿ ನೋಡ್ರಿ!" ಮಂದಿ ನಕ್ಕರು. ಹೊಗಳಿದರೋ ಹಂಗಿಸಿದರೋ ನನಗೆ ತಿಳಿಯಲಿಲ್ಲ. ತಿಳಿಯದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಅಳಿಯಾ, ಮ್ಯಾಲ ಬಾ. ಚಂದ್ರನ್ನ ನೋಡೀಯಂತ" ಎಂದರು ಆ ಸಂಜೆ.

"ಕೆಲಸ ಐತ್ರಿ ಮಾಮಾ" ಎಂದೆ. ಎಂದವನು ಮನಸ್ಸಿನಲ್ಲೇ ಆಣೆ ಮಾಡಿದೆ. ಅಂದು ತೋರಿಸದ ಚಂದ್ರ ಇಂದು ನನಗೆ ಬೇಡ! ಆ ಕೊಳವೆಗೆ ನಾನು ಕಣ್ಣು ಹಚ್ಚಿದರೆ ಕೇಳಿರಿ. ಅವರೂ ಬಿಡಲಿಲ್ಲ. ದಿನಾ ಸಂಜೆ ಊಟವಾದ ಮೇಲೆ ನಿಚ್ಚಣಿಕೆಯ ಮೂರನೆಯ ಮೆಟ್ಟಿಲ ಮೇಲೆ ನಿಂತು, "ಅಳಿಯಾ, ಬರ್ತೀಯೇನ?" ನಾನು, "ಕೆಲಸ ಐತ್ರಿ." ದಿನಾ!

ಕೊಳವೆಯನ್ನು ಕೈಯಲ್ಲಿ ಹಿಡಿದರೆ ಚುಕ್ಕಿ ಕುಣಿಯುತ್ತದೆಂದು ಮೂರು ಬಿದಿರು ಕೋಲು ಕಟ್ಟಿ ಅದರ ಮೇಲಿಟ್ಟರು. ಆಗಲೂ ಕುಣಿಯಿತು. ತಪ್ಪು ಯಾರದು? ನನ್ನ ಮಾಳಿಗೆಯದಂತೆ! "ನಿನ್ನ ಮಾಳಿಗಿ ನಡಗತೈತಿ. ಮನಿಯೊಳಗ ಯಾರೂ ಅಲ್ಲಾಡಬ್ಯಾಡ್ರಿ" ಎಂದು ಮೇಲಿನಿಂದ ಹುಕುಂ. ನನ್ನ ಹೆಂಡತಿ ಬೀಸುತ್ತಿದ್ದ ಕಲ್ಲು ನಿಲ್ಲಿಸಿದಳು. ಶನಿ ಆ ದಿನ ನೆಟ್ಟಗೆ ಕಂಡನಂತೆ. ಮರುದಿನ ನಮಗೆ ರೊಟ್ಟಿ ಕಾಣಲಿಲ್ಲ.

ನನ್ನ ಮಾಳಿಗೆ ನಡುಗುವುದೆಂದರೇನು? ಜಂತೆ ನಾನು ಹಾಕಿದ್ದು, ತೊಲೆ ನಾನು ಕೂಡಿಸಿದ್ದು! ಮೇಲಾಗಿ ಬಡಿಗನ ಮಾಳಿಗೆಯ ಮೇಲೆ ಹಗ್ಗದಿಂದ ಕಟ್ಟಿದ ಆ ಮುರುಕು ಕೋಲುಗಳು! ದಾರಿಯಲ್ಲಿ ಹೋಗುವವರು ಏನೆಂದಾರು? ಸಿಟ್ಟು ನೆತ್ತಿಗೇರಿ ಜಾಲಿಯ ಕಟ್ಟಿಗೆಯಿಂದ ಆ ಕೊಳವೆ ಹೊರಲು ಮೂರು ಕಾಲಿನ ಕುದುರೆ ಮಾಡಿದೆ. ನಡುವೆ ಚಕ್ಕಡಿಯ ಅಚ್ಚಿನ ಹಾಗೆ ಕೂಡಿಸಿ, ಎಣ್ಣೆ ಹಚ್ಚಿ, ಕಿರುಬೆರಳಿನಿಂದ ತಿರುಗಿಸಿದರೂ ತಿರುಗುವಂತೆ ಮಾಡಿದೆ. ಕಾಲು ಜಾರಬಾರದೆಂದು ಬೀಜ ಬಿತ್ತುವ ಕೂರಿಗೆಯ ತುದಿಗೆ ಹಾಕುವ ಹಳೆಯ ಕಬ್ಬಿಣದ ಮೊನೆ ಮೂರನ್ನು ಕಾಲಿಗೆ ಬಡಿದೆ. ಹೊತ್ತು ಮೇಲೆ ಹತ್ತಿಸಿ ನಿಲ್ಲಿಸಿದೆ. ದುರ್ಬೀನಿನ ಕಡೆ ತಿರುಗಿಯೂ ನೋಡಲಿಲ್ಲ.

ಮಾವ ಅದನ್ನು ಸುತ್ತು ಹಾಕಿ ನೋಡಿ, ತಿರುಗಿಸಿ, ಅಲ್ಲಾಡಿಸಿ, "ಹತ್ತಕ್ಕ ಆರ ಮಾರ್ಕು" ಎಂದರು.

"ಆರ? ನಾಲ್ಕ ಯಾಕ ಕಡಿಮಿ?" ನನ್ನ ಮೈಯೆಲ್ಲ ಉರಿಯಿತು.

"ಎರಡ ನಿನ್ನ ಸಿಟ್ಟಿಗೆ. ಎರಡ ನೀ ನೋಡ್ಲಾರದ್ದಕ್ಕ."

ನೋಡಿರಿ! ಇಡೀ ಕೌಜಲಗಿ ಕೈಮುಗಿದು ಒಯ್ಯುವ ನನ್ನ ಕೆಲಸಕ್ಕೆ ಆರು!

ಆ ಮೇಲೆ ನಮ್ಮ ಮಾಳಿಗೆ ಸಾಲಿಯೇ ಆಯಿತು. ಚಂದ್ರ ನೋಡಿದವರು ಒಂದನೆಯ ಇಯತ್ತೆ. ಶುಕ್ರ ಚುಕ್ಕಿಯಲ್ಲ, ಅವನೂ ಚಂದ್ರನ ಹಾಗೆ ಕೊಯ್ದ ಹೋಳು ಎಂದು ಕಂಡುಹಿಡಿದವರು ಎರಡನೆಯದು. ಗುರುವಿನ ಅಕ್ಕಪಕ್ಕ ಸಾಲಾಗಿ ನಿಲ್ಲುವ ಸಣ್ಣ ಚುಕ್ಕಿಗಳನ್ನು ಎಣಿಸಿ ಹೇಳಿದವರು ಪಾಸು. "ಎಷ್ಟ ಕಂಡುವು?" ಎಂದು ಪ್ರತಿಯೊಬ್ಬರಿಗೂ ಪರೀಕ್ಷೆ. ಸರಿಯಾಗಿ ಹೇಳದವರು ನಿಚ್ಚಣಿಕೆ ಇಳಿಯಬೇಕು. ಇದಲ್ಲದೆ ಹಳೆಯದೊಂದು ಹಾಜರಿ ಪುಸ್ತಕ ತಂದಿದ್ದರು. ದಿನಾ ಸಂಜೆ ಗ್ರಹಗಳ ಹಾಜರಿ. "ಶುಕ್ರ! ಹಾಜರ. ಗುರು! ಹಾಜರ. ಧ್ರುವ! ಇವ ಎಂದೂ ತಪ್ಪಿಸೂದಿಲ್ಲ, ಶಾಣ್ಯಾ." ಮೋಡ ಬಂದ ದಿನ ಇಡೀ ಆಕಾಶಕ್ಕೆ ಗೈರು ಹಾಕಿ, "ಎಲ್ಲಾ ಕಳ್ಳರ" ಎಂದು ಬೈದು ಮಲಗುವರು.

ಕಣ್ಣು ಕತ್ತಲೆಗೆ ಹೊಂದಿದರೇ ಸಣ್ಣ ಚುಕ್ಕಿ ಕಾಣುತ್ತವಂತೆ. ಅದಕ್ಕಾಗಿ ಮನೆಯ ದೀಪವೆಲ್ಲ ಬಂದ್! ಒಂದು ಸಂಜೆ ನಾನು ಕೆಳಗೆ ಕೊಡತಿ ಎತ್ತಿ ಉಳಿಯ ಮೇಲೆ ಬಿಡಬೇಕು, ಅಷ್ಟರಲ್ಲಿ ನನ್ನ ಹೆಂಡತಿ ಅಪ್ಪನ ಆಜ್ಞೆಯಂತೆ ಫೂ ಎಂದು ಕಂದೀಲು ಆರಿಸಿದಳು. ಕೊಡತಿ ಹೆಬ್ಬೆರಳಿನ ಮೇಲೆ ಬಿತ್ತು. ಯಾವ ದುರ್ಬೀನೂ ಇಲ್ಲದೆ ನನಗೆ ಬೇಕಾದಷ್ಟು ಚುಕ್ಕಿ ಕಂಡವು! ನಾನು ಚೀರಿದ್ದು ಕೇಳಿ ಮೇಲಿನಿಂದ ಮಾವನ ದನಿ: "ಎಷ್ಟ ಕಂಡುವು?"

ಗಣೇಶ ಚೌತಿಯ ಸಂಜೆ ಊರೆಲ್ಲ ತಲೆ ತಗ್ಗಿಸಿ ನಡೆಯುತ್ತಿತ್ತು. ಆ ದಿನ ಚಂದ್ರನನ್ನು ನೋಡಿದವರ ಮೇಲೆ ಇಲ್ಲದ ಅಪವಾದ ಬರುತ್ತದಲ್ಲ! ನಮ್ಮ ಮಾವ ಮಾತ್ರ ದುರ್ಬೀನನ್ನು ನೇರವಾಗಿ ಚಂದ್ರನಿಗೇ ಹಚ್ಚಿ ಕೂತರು.

"ಅಪ್ಪಾ, ಅಪವಾದ ಬರತೈತಿ!" ನನ್ನ ಹೆಂಡತಿ ಕೆಳಗಿನಿಂದ ಕೂಗಿದಳು.

"ತಲಿ ಕೆಳಗಾದ ಚಂದ್ರನ್ನ ನೋಡಾಕತ್ತೇನವ್ವಾ. ಅಪವಾದನೂ ತಲಿ ಕೆಳಗಾಗಿ ಹೊಗಳಿಕಿ ಆಗಿ ಬರತೈತಿ."

ಹೊಗಳಿಕೆ ಮರುದಿನವೇ ಬಂತು. ದರ್ಜಿ ಚಾಚಾ ಮೊಳಗೋಲು ಹಿಡಿದುಕೊಂಡೇ ನಮ್ಮ ಕಟ್ಟೆಗೆ ಬಂದರು. "ಏನ್ರಿ ಬಡಿಗ್ಯಾರ, ನಮ್ಮ ಮನಿ ಹೆಣ್ಣಮಕ್ಕಳು ಮಾಳಿಗಿ ಮ್ಯಾಲ ಮೆಣಸಿನಕಾಯಿ ಒಣಾಕಾಕ ಬರ್ತಾರ. ನಿಮ್ಮ ಮುದುಕ ಆ ತೋಪ ಯಾವ ಕಡಿ ಹಿಡದಾನ?" ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಯಾರ ಮುಂದೆಯೂ ತಲೆ ತಗ್ಗಿಸದ ಮನೆತನ ನಮ್ಮದು! ಮಾವ ಒಂದಿಷ್ಟೂ ಸಿಟ್ಟಾಗಲಿಲ್ಲ. "ಸಂಜಿಕ ಬರ್ರಿ, ನೀವ ನೋಡ್ರಿ" ಎಂದರು. ಸಂಜೆ ಚಾಚಾ ಮೊಳಗೋಲಿನ ಸಮೇತ ಮೇಲೆ ಹತ್ತಿದರು. ಕೊಳವೆಗೆ ಕಣ್ಣು ಹಚ್ಚಿ ಕೂತರು. ಕೊನೆಗೆ, "ಮಾಸ್ತರ್ರ, ಚಂದ್ರಾಗ ಇಷ್ಟು ತೂತ ಬಿದ್ದಾವಲ್ರೀ! ಯಾರೂ ತ್ಯಾಪಿ ಹಚ್ಚಿಲ್ಲೇನ?" ಎಂದು ಕೇಳಿಸಿತು. ಆ ದಿನದಿಂದ ಚಾಚಾ ಮಾವನ ದೊಡ್ಡ ಶಿಷ್ಯ. ಮೊದಲು ಒಬ್ಬರು ನನ್ನ ಮಾಳಿಗೆ ತುಳಿಯುತ್ತಿದ್ದರು, ಈಗ ಇಬ್ಬರು!

ರೈತರಂತೂ ನನ್ನ ಹತ್ತಿರ ಕುಂಟೆ ಮಾಡಿಸಲು ಬಂದವರು ನನ್ನನ್ನು ದಾಟಿ ಮೇಲೆ ಹತ್ತತೊಡಗಿದರು. "ಮಾಸ್ತರ್ರ, ಹಸ್ತಾ ಚುಕ್ಕಿಯೊಳಗ ನೀರ ಐತೋ ಇಲ್ಲೋ, ಅಷ್ಟ ಇಣುಕಿ ನೋಡಿ ಹೇಳ್ರಿ" ಎಂದ ಒಬ್ಬ. ಹಸ್ತಾ ಮಳೆಯ ದಿನಗಳಲ್ಲಿ ಆ ಚುಕ್ಕಿ ಸೂರ್ಯನ ಜೋಡಿ ಇರುತ್ತದೆ, ಕಾಣುವುದಿಲ್ಲ ಎಂದು ಮಾವ ತಿಳಿಸಿದರು. ಅವನು ನಿಚ್ಚಣಿಕೆ ಇಳಿಯುತ್ತ, "ಮಳಿ ಕಾಣೂದಿಲ್ಲ, ಚುಕ್ಕಿನೂ ಕಾಣೂದಿಲ್ಲ. ಮತ್ತ ಮ್ಯಾಲ ಕುಂತ ಏನ ನೋಡ್ತಾರಪಾ!" ಎಂದ. ನನ್ನ ಮನಸ್ಸಿನ ಮಾತು! ಅವನ ಕುಂಟೆಯನ್ನು ಮೊದಲು ಮಾಡಿಕೊಟ್ಟೆ.

ಹಸ್ತಾ ಮಳೆ ಮಾತ್ರ ಆ ವರ್ಷ ಕೈಕೊಡಲಿಲ್ಲ. ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಸುರಿಯಿತು ನೋಡಿರಿ! ಮಾವ ಓಡಿ ಹೋಗಿ ದುರ್ಬೀನನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಇಳಿದರು. ನಾನು ಒಳಗೆ ಬಂದು ನೋಡಿದರೆ ಮಾಳಿಗೆಯಿಂದ ಮೂರು ಕಡೆ ಧಾರೆ. ಮೂರೂ ಧಾರೆ ಬೀಳುತ್ತಿದ್ದುದು ಎಲ್ಲಿ? ಹಿಂಗಾರಿ ಬಿತ್ತನೆಗೆಂದು ನಾನು ಹತ್ತು ದಿನ ಕೂತು ಮಾಡಿದ ಹೊಸ ಕೂರಿಗೆಯ ಮೇಲೆ! ಮರುದಿನ ಬೆಳಗ್ಗೆ ಅದನ್ನು ಮಾಡಿಸಿದ ರೈತ ಬಂದು ನೋಡಿದ. ಕಟ್ಟಿಗೆ ಉಬ್ಬಿತ್ತು, ಬಟ್ಟಲಿನ ತೂತಿನಿಂದ ಒಂದು ಕಾಳು ಜೋಳವೂ ಇಳಿಯಲಿಲ್ಲ. "ಇರ್ಲಿ ಬಿಡ್ರಿ ಬಡಿಗ್ಯಾರ, ಈ ಸಲ ಬ್ಯಾರೆ ಕಡಿ ನೋಡ್ತೇನಿ" ಎಂದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ ಅವನು, ಮರುಗಿದ! ನನ್ನ ಕೈಯ ಕೆಲಸ ಬೇಡವಾಗಿ ಉಳಿದದ್ದು ಅದೇ ಮೊದಲು.

ಇಪ್ಪತ್ತೈದು ವರ್ಷದ್ದು ಬಾಯಿಗೆ ಬಂತು. "ನನ್ನ ಪಾಟಿ ಕಸಗೊಂಡ ಬಾಚಿ ಕೊಟ್ಟವರು ನೀವು! ಈಗ ಮಾಳಿಗಿ ತುಳದ ತೂತ ಮಾಡಿ ಆ ಬಾಚಿ ಅನ್ನಕ್ಕೂ ಮಣ್ಣ ಹಾಕಿದ್ರಿ. ಊರ ಮಂದಿಗೆಲ್ಲಾ ಚಂದ್ರನ್ನ ತೋರಿಸ್ತೀರಿ, ನನ್ನ ಚಂದ್ರನ್ನ ಅಂದ ಯಾಕ ಮುಚ್ಚಿದ್ರಿ?"

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಕಿಸೆಯ ಪೇಪರಿನ ಮಡಿಕೆ ಮುಟ್ಟಿ ನೋಡಿಕೊಂಡರು. ಕೈಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ಲುವ ಕಡೆ ನಡೆದುಬಿಟ್ಟರು. ತುಕ್ಕಾನಟ್ಟಿಗೆ ಹೋಗಿ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿದ್ದಾರೆಂದು ಎರಡು ದಿನಕ್ಕೆ ಸುದ್ದಿ ಬಂತು. ನನಗೇನು? ಒಳ್ಳೆಯದೇ ಆಯಿತು! ಮನೆ ತಣ್ಣಗಾಯಿತು. ಎಷ್ಟು ತಣ್ಣಗಾಯಿತೆಂದರೆ ಸಂಜೆ ಊಟವಾದ ಮೇಲೆ ನಾನು ನಿಚ್ಚಣಿಕೆಯ ಕಡೆ ಮೋರೆ ಮಾಡಿ, ಯಾರೂ ಕರೆಯದಿದ್ದರೂ, "ಕೆಲಸ ಐತ್ರಿ" ಎಂದುಬಿಟ್ಟೆ! ಹೆಂಡತಿ ತಿರುಗಿ ನೋಡಿದಳು.

ಬಿಸಿಲು ಬಿದ್ದ ಮೇಲೆ ತೂತು ಮುಚ್ಚಲು ಮಣ್ಣು ಹೊತ್ತು ಮಾಳಿಗೆ ಹತ್ತಿದೆ. ನಾನು ಮಾಡಿದ ಕುದುರೆ ಅಲ್ಲೇ ನಿಂತಿತ್ತು. ಅದನ್ನು ಎತ್ತಿದೆ. ಮೂರು ಕಾಲಿನ ಕೆಳಗೆ ಮೂರು ತೂತು! ಮಣ್ಣು ಸೀಳಿ ಬೀಜ ಬಿತ್ತಲೆಂದು ಮಾಡಿದ ಮೊನೆ ಮಣ್ಣಿನ ಮಾಳಿಗೆಯನ್ನು ಸೀಳದೆ ಏನು ಮಾಡೀತು? ಬಡಿದವನು ಯಾರು? ನಾನೇ! ಆರು ಮಾರ್ಕು ಕೊಟ್ಟದ್ದೇ ಹೆಚ್ಚಾಯಿತು. ಈಗ ಸಿಟ್ಟು ಯಾರ ಮೇಲೆ ಮಾಡುವುದು? ಕುದುರೆಯನ್ನು ಒದೆಯಲು ಹೋಗಿ ನನ್ನ ಕಾಲಿಗೇ ಪೆಟ್ಟಾಯಿತು. ಕುಂಟುತ್ತ ಕೂತಾಗ ಮಾಳಿಗೆಯ ಅಂಚಿನ ಕುಂಬಿಯ ಗೋಡೆಯ ಗೂಡಿನಲ್ಲಿ ಮೇಣಗಪ್ಪಡದಲ್ಲಿ ಸುತ್ತಿದ ಹಾಜರಿ ಪುಸ್ತಕ ಕಂಡಿತು. ಇದನ್ನಾದರೂ ಹರಿದು ಒಲೆಗೆ ಹಾಕೋಣ ಎಂದು ತೆಗೆದೆ.

ಮೇಲೆ, 'ಇಯತ್ತೆ ನಾಲ್ಕು' ಎಂದು ಬರೆದಿತ್ತು. ಕೆಳಗೆ ನಂಬರುಗಳು. ಎರಡು, ಚಂದ್ರ. ಮೂರು, ಶುಕ್ರ. ನಾಲ್ಕು, ಗುರು. ಒಂದನೆಯ ನಂಬರಿಗೆ ನನ್ನ ಹೆಸರು. ಅಪ್ಪನ ಹೆಸರು, ಮನೆತನದ ಹೆಸರು ಸಹಿತ, ಸಾಲಿಯಲ್ಲಿ ಬರೆಯುವ ಹಾಗೆ ದುಂಡಗೆ. ನನ್ನ ಹೆಸರಿನ ಮುಂದೆ ದುರ್ಬೀನು ತಯಾರಾದ ದಿನದಿಂದ ಪ್ರತಿ ಸಂಜೆ ಒಂದು 'ಗೈ'. ಗೈ, ಗೈ, ಗೈ... ಪುಟ ತಿರುಗಿಸಿದರೂ ಗೈ. ಮೋಡ ಬಂದು ಚಂದ್ರ ತಪ್ಪಿಸಿದ ದಿನವೂ ನನ್ನನ್ನು ಕರೆದಿದ್ದಾರೆ; ನಾನು ತಪ್ಪಿಸಿದ್ದೇನೆ. ಒಂದೇ ಒಂದು ಕಡೆ ಕೆಂಪು ಶಾಯಿಯಲ್ಲಿ ಸಣ್ಣ ಅಕ್ಷರ: 'ಕುದುರೆ ಹೊತ್ತು ಮೇಲೆ ಬಂದಿದ್ದ. ಕೆಲಸ ಉತ್ತಮ. ನೋಡಲಿಲ್ಲ.'

ಆ ಪುಸ್ತಕವನ್ನು ನಾನು ಒಲೆಗೆ ಹಾಕಲಿಲ್ಲ.

ಕುದುರೆಯ ಕಾಲಿನ ಮೊನೆ ಕಿತ್ತು ಅಗಲವಾದ ಕಟ್ಟಿಗೆಯ ಪಾದ ಕೂಡಿಸಿದೆ. ದುರ್ಬೀನನ್ನು ಕೌದಿಯಲ್ಲಿ 
ಸುತ್ತಿಕೊಂಡು, ಕುದುರೆಯನ್ನು ಹೆಗಲಿಗೇರಿಸಿ ಮೂಡಲಗಿಯ ಬಸ್ಸು ಹತ್ತಿದೆ. "ಏನ್ರಿ ಬಡಿಗ್ಯಾರ, ಕೂಸೇನ?" ಎಂದ ಕಂಡಕ್ಟರ. "ಹೂಂ, ಹಟಮಾರಿ ಕೂಸು" ಎಂದೆ. ಮುಂದೆ ಯಾರದೋ ಚಕ್ಕಡಿ ಸಿಕ್ಕಿತು. ಗಾಲಿ ಕಿರುಗುಟ್ಟುತ್ತಿತ್ತು, ಯಾವನೋ ದಂಡಪಿಂಡ ಕೂಡಿಸಿದ್ದು. ದಾರಿಯುದ್ದಕ್ಕೂ ಬೈಯಲು ನನಗೆ ಅಷ್ಟಾದರೂ ಸಿಕ್ಕಿತಲ್ಲ!

ತುಕ್ಕಾನಟ್ಟಿ ಮುಟ್ಟಿದಾಗ ಹೊತ್ತು ಮುಳುಗಿತ್ತು. ಮಾವ ಸಾಲಿಯ ಬಯಲಿನಲ್ಲಿ ಬರಿಗೈಯಿಂದ ಕೂತಿದ್ದರು. ನನ್ನನ್ನು ನೋಡಿದರು, ನೋಡದವರ ಹಾಗೆ ಮಾಡಿದರು. ನಾನು ಕುದುರೆ ನಿಲ್ಲಿಸಿದೆ, ದುರ್ಬೀನು ಏರಿಸಿದೆ, ಹಾಜರಿ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ಅವರು ಎದ್ದು ಬಂದು ಪಾದ ಮುಟ್ಟಿ ನೋಡಿದರು. "ಈಗ ಎಂಟ" ಎಂದರು. ಆಮೇಲೆ ದುರ್ಬೀನು ಹೊರಳಿಸಿ ಮೂಡಣದ ದೊಡ್ಡ ಚುಕ್ಕಿಗೆ ಹಚ್ಚಿ, ಬಾಜೂ ಸರಿದು, ಪುಸ್ತಕ ಬಿಚ್ಚಿ ನನ್ನ ಪೂರ್ತಿ ಹೆಸರು ಕೂಗಿದರು. ಮಾಸ್ತರರ ದನಿಯಲ್ಲಿ.

"ಹಾಜರ್ರಿ" ಎಂದೆ. ದನಿ ಯಾಕೋ ಹತ್ತು ವರ್ಷದ ಹುಡುಗನದಾಯಿತು.

"ತಡಾ ಆತು."

"ಯಾರಿಂದ?"

ಅವರು ಪುಸ್ತಕ ಮುಚ್ಚಿ ಕಂಕುಳಿಗಿಟ್ಟರು. "ನನ್ನಿಂದ" ಎಂದರು. "ನೋಡು."

ಇದೊಂದು ಮಾತಿಗೆ ಇಪ್ಪತ್ತೈದು ವರ್ಷವೇ! ಸಿಟ್ಟು ಬರದೆ ಇರುತ್ತದೆಯೇ, ನೀವೇ ಹೇಳಿರಿ! ಸಿಟ್ಟಿನಲ್ಲೇ ಬಗ್ಗಿ ಕಣ್ಣು ಹಚ್ಚಿದೆ. ಗುಂಡಗಿನ ಬೆಳಕೊಂದು, ಅದರ ಎರಡೂ ಕಡೆ ಸಾಸಿವೆಯಂಥ ಚುಕ್ಕಿಗಳು.

"ಎಷ್ಟ ಕಂಡುವು?"

"ಎಂಟು" ಎಂದೆ.

"ತಪ್ಪು. ನಾಲ್ಕ" ಎಂದರು ಮಾವ. "ಕಣ್ಣ ಒರಸ್ಕೊಂಡ ಮತ್ತ ನೋಡು."